ಹನ್ನೊಂದು ಕಿಲೋ ತೂಕದ ‘ಪೋರ್ಟಬಲ್’: ಆಡಂ ಆಸ್ಬೋರ್ನ್ ಬದುಕು

ಲ್ಯಾಪ್‌ಟಾಪ್ ತಗೊಳ್ಳೋ ಕಾಲ ಬಂದ್ರೆ ಹಾಸ್ಟೆಲ್ ಕಾರಿಡಾರ್‌ನಲ್ಲಿ ನಡೆಯೋ ಚರ್ಚೆ ನಮಗೆಲ್ಲ ಗೊತ್ತೇ ಇದೆ. ಒಬ್ಬ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು ಅಂತಾನೆ. ಇನ್ನೊಬ್ಬ, ಅದನ್ನ ಹೊತ್ಕೊಂಡು ನಾಲ್ಕು ವರ್ಷ ಲ್ಯಾಬ್‌ಗೆ ಓಡಾಡೋನು ನೀನಾ ನಾನಾ ಅಂತ ಕೇಳ್ತಾನೆ. ಮೂರನೆಯವನು ಮೆಲ್ಲಗೆ ಕೇಳೋದು ಒಂದೇ: ಇದರಲ್ಲಿ ಲಿನಕ್ಸ್ ಸರಿಯಾಗಿ ಓಡುತ್ತಾ? ಮನೆಯವರು ಕಷ್ಟಪಟ್ಟು ಹೊಂದಿಸಿಕೊಟ್ಟ ದುಡ್ಡು, ಒಂದೇ ಸಲ ಖರ್ಚಾಗಿ ಹೋಗೋದು. ಹಾಗಾಗಿ ಈ ಪ್ರಶ್ನೆಗಳು ಸಣ್ಣವೇನಲ್ಲ.

ಚಿಕ್ಕದಾಗಿರಬೇಕು, ಹೊತ್ತೊಯ್ಯುವಂತಿರಬೇಕು, ಕೈಗೆಟುಕುವ ಬೆಲೆಯಲ್ಲಿರಬೇಕು, ಕೊಂಡ ದಿನದಿಂದಲೇ ಕೆಲಸಕ್ಕೆ ಬರಬೇಕು. ಈ ನಾಲ್ಕನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿಸಿ ಮಾರಾಟದಲ್ಲಿ ಗೆದ್ದ ಮೊದಲ ಮನುಷ್ಯ ಆಡಂ ಆಸ್ಬೋರ್ನ್. ಗೆದ್ದ ಎರಡೇ ವರ್ಷದಲ್ಲಿ ಸೋತವನೂ ಅವನೇ. ಆತ ಕಂಪ್ಯೂಟರ್ ಎಂಜಿನಿಯರ್ ಅಲ್ಲ, ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. ಬಾಲ್ಯ ಕಳೆದದ್ದು ನಮ್ಮ ಪಕ್ಕದ ತಮಿಳುನಾಡಿನಲ್ಲಿ, ಕೊನೆಯುಸಿರೆಳೆದದ್ದೂ ಅಲ್ಲೇ.

ಅರುಣಾಚಲದ ತಪ್ಪಲಿನ ಹುಡುಗ

ಆಡಂ ಹುಟ್ಟಿದ್ದು 1939ರ ಮಾರ್ಚ್ 6ರಂದು, ಬ್ಯಾಂಕಾಕ್‌ನಲ್ಲಿ. ತಂದೆ ಆರ್ಥರ್ ಆಸ್ಬೋರ್ನ್ ಇಂಗ್ಲೆಂಡಿನವರು, ಅಲ್ಲಿನ ಚುಲಾಲಾಂಗ್‌ಕಾರ್ನ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮೇಷ್ಟ್ರು. ತಾಯಿ ಪೋಲೆಂಡಿನವರು. ಅಪ್ಪ ಅಮ್ಮ ಇಬ್ಬರಿಗೂ ಭಾರತದ ಅಧ್ಯಾತ್ಮದ ಕಡೆ ಒಲವು. ಎರಡನೇ ಮಹಾಯುದ್ಧದ ಹೊತ್ತಿಗೆ ತಾಯಿ ಮಕ್ಕಳನ್ನು ಕರೆದುಕೊಂಡು ತಿರುವಣ್ಣಾಮಲೈಗೆ ಬಂದು ನೆಲೆಸಿದರು. ತಂದೆ ಬ್ಯಾಂಕಾಕ್‌ನಲ್ಲೇ ಉಳಿದರು, ಜಪಾನೀಯರ ಕೈಗೆ ಸಿಕ್ಕಿ ಯುದ್ಧ ಮುಗಿಯೋವರೆಗೂ ಬಂಧನ ಶಿಬಿರದಲ್ಲಿ ಕಳೆಯಬೇಕಾಯ್ತು.

ಹಾಗಾಗಿ ಆಡಂ ಬೆಳೆದದ್ದು ಅರುಣಾಚಲ ಬೆಟ್ಟದ ಬುಡದಲ್ಲಿ, ರಮಣ ಮಹರ್ಷಿಗಳ ಆಶ್ರಮದ ಆಸುಪಾಸಿನಲ್ಲಿ. ಬಿಳಿ ಚರ್ಮದ ಹುಡುಗ ತಮಿಳನ್ನು ಊರ ಮಕ್ಕಳಂತೆಯೇ ಮಾತಾಡುತ್ತಿದ್ದ. ಯುದ್ಧ ಮುಗಿದ ಮೇಲೆ ತಂದೆ ಬಂದು ಸೇರಿಕೊಂಡರು. ಮುಂದೆ ಅವರು ರಮಣರ ಜೀವನಚರಿತ್ರೆ ಬರೆದರು, ಆಶ್ರಮದ ಪತ್ರಿಕೆಯ ಸಂಪಾದಕರಾದರು. ರಮಣರ ಬಗ್ಗೆ ಇಂಗ್ಲಿಷಿನಲ್ಲಿ ಓದಿದವರಿಗೆ ಆರ್ಥರ್ ಆಸ್ಬೋರ್ನ್ ಹೆಸರು ಇವತ್ತಿಗೂ ಪರಿಚಿತ. ಒಂದೇ ಮನೆಯಲ್ಲಿ ಅಪ್ಪ ಬರೆದದ್ದು ಆತ್ಮವಿಚಾರದ ಬಗ್ಗೆ, ಮಗ ಬರೆದದ್ದು ಮೈಕ್ರೊಪ್ರೊಸೆಸರ್ ಬಗ್ಗೆ. ಆದರೆ ಇಬ್ಬರ ಕಸುಬೂ ಒಂದೇ ಥರದ್ದು: ಕಷ್ಟದ ವಿಷಯವನ್ನು ಹೊಸಬರಿಗೆ ಅರ್ಥವಾಗೋ ಹಾಗೆ ಬರೆಯೋದು.

ಆಡಂ ಆರನೇ ತರಗತಿವರೆಗೆ ಓದಿದ್ದು ಕೊಡೈಕನಾಲ್‌ನ ಕಾನ್ವೆಂಟ್ ಶಾಲೆಯಲ್ಲಿ. 1950ರಲ್ಲಿ, ಹನ್ನೊಂದನೇ ವಯಸ್ಸಿಗೆ, ಇಂಗ್ಲೆಂಡಿಗೆ ಹೋದ. ವಾರಿಕ್‌ಶೈರ್‌ನಲ್ಲಿ ಕುಟುಂಬದ ಸ್ನೇಹಿತರ ಮನೆಯಲ್ಲಿದ್ದುಕೊಂಡು ಶಾಲೆ ಮುಗಿಸಿದ. 1961ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಿಂದ ಕೆಮಿಕಲ್ ಎಂಜಿನಿಯರಿಂಗ್ ಪದವಿ ಪಡೆದ. ಅಲ್ಲಿಂದ ಅಮೆರಿಕಕ್ಕೆ ಹೋಗಿ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದ. ಕೋಡ್ ಬರೆಯೋದು ಕಲಿತದ್ದು ಅಲ್ಲೇ.

ಮ್ಯಾನ್ಯುಯಲ್ ಬರೆಯುವವನು

ಪಿಎಚ್‌ಡಿ ಮುಗಿದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಶೆಲ್ ತೈಲ ಕಂಪನಿಯ ಕೆಲಸ ಸಿಕ್ಕಿತು. ಒಳ್ಳೆಯ ಸಂಬಳ, ಭದ್ರವಾದ ಉದ್ಯೋಗ. ಆದರೆ ದೊಡ್ಡ ಕಂಪನಿಯ ಶಿಸ್ತಿಗೂ ಆಡಂನ ಸ್ವಭಾವಕ್ಕೂ ಹೊಂದಿಕೆಯಾಗಲಿಲ್ಲ. 1970ರ ದಶಕದ ಶುರುವಿನಲ್ಲಿ ಅದನ್ನು ಬಿಟ್ಟು ತಾಂತ್ರಿಕ ಬರವಣಿಗೆಗೆ ಇಳಿದ. ಆಸ್ಬೋರ್ನ್ ಅಂಡ್ ಅಸೋಸಿಯೇಟ್ಸ್ ಅನ್ನೋ ಸಂಸ್ಥೆ ಕಟ್ಟಿ, ಕಂಪ್ಯೂಟರ್ ಕಂಪನಿಗಳಿಗೆ ಓದಲು ಸುಲಭವಾಗೋ ಮ್ಯಾನ್ಯುಯಲ್‌ಗಳನ್ನು ಬರೆದುಕೊಡತೊಡಗಿದ.

ಆ ಕಾಲ ಹೇಗಿತ್ತು ಅಂತ ಸ್ವಲ್ಪ ನೆನಪಿಸಿಕೊಳ್ಳಿ. ಮೈಕ್ರೊಪ್ರೊಸೆಸರ್ ಆಗಷ್ಟೇ ಹುಟ್ಟಿತ್ತು. ಚಿಪ್ ಮಾಡುವವರ ದಾಖಲೆಗಳು ಚಿಪ್ ಮಾಡುವವರಿಗೆ ಮಾತ್ರ ಅರ್ಥವಾಗುತ್ತಿದ್ದವು. ಗ್ಯಾರೇಜಿನಲ್ಲಿ ಕೂತು ಕಿಟ್ ಜೋಡಿಸುವ ಹುಡುಗರಿಗೆ ಕೈಹಿಡಿದು ಹೇಳಿಕೊಡೋ ಪುಸ್ತಕ ಇರಲಿಲ್ಲ. ಆಸ್ಬೋರ್ನ್ ಮೈಕ್ರೊಕಂಪ್ಯೂಟರ್‌ಗಳಿಗೊಂದು ಪ್ರವೇಶಿಕೆ ಬರೆದು ತಾನೇ ಪ್ರಕಟಿಸಿದ. ಸಿಲಿಕಾನ್ ಕಣಿವೆಯ ಹವ್ಯಾಸಿಗಳು ಸೇರುತ್ತಿದ್ದ ಹೋಂಬ್ರೂ ಕಂಪ್ಯೂಟರ್ ಕ್ಲಬ್‌ನಲ್ಲಿ ಪುಸ್ತಕದ ಪೆಟ್ಟಿಗೆ ಇಟ್ಟುಕೊಂಡು ಮಾರಿದ. ಐಎಂಎಸ್‌ಎಐ ಅನ್ನೋ ಕಿಟ್ ಕಂಪನಿ ತನ್ನ ಕಂಪ್ಯೂಟರ್‌ಗಳ ಜತೆ ಕೊಡೋದಕ್ಕೆ ಆ ಪುಸ್ತಕದ ಪ್ರತಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಕೊಂಡಿತು. ಯಂತ್ರ ಕೊಟ್ಟರೆ ಸಾಲದು, ಅದನ್ನು ಬಳಸೋಕೆ ಬೇಕಾದದ್ದನ್ನೂ ಜತೆಗೇ ಕೊಡಬೇಕು ಅನ್ನೋ ಪಾಠ ಆಸ್ಬೋರ್ನ್‌ಗೆ ಅಲ್ಲಿಂದಲೇ ಸಿಕ್ಕಿರಬೇಕು. ಮುಂದೆ ಆತನ ದೊಡ್ಡ ಗೆಲುವು ನಿಂತದ್ದು ಇದೇ ಪಾಠದ ಮೇಲೆ.

ಕೆಲವೇ ವರ್ಷಗಳಲ್ಲಿ ಸಂಸ್ಥೆ 40ರಷ್ಟು ಪುಸ್ತಕ ಹೊರತಂದಿತು. 1979ರಲ್ಲಿ ಮೆಗ್ರಾ-ಹಿಲ್ ಪ್ರಕಾಶನ ಅದನ್ನು ಕೊಂಡುಕೊಂಡಿತು. ನಮ್ಮ ಕಾಲೇಜು ಲೈಬ್ರರಿಗಳ ಹಳೆಯ ಕಪಾಟುಗಳಲ್ಲಿ ಆಸ್ಬೋರ್ನ್/ಮೆಗ್ರಾ-ಹಿಲ್ ಅಂತ ಬೆನ್ನ ಮೇಲೆ ಅಚ್ಚಾಗಿರೋ ಪ್ರೋಗ್ರಾಮಿಂಗ್ ಪುಸ್ತಕಗಳು ಕಣ್ಣಿಗೆ ಬಿದ್ದರೆ, ಆ ಆಸ್ಬೋರ್ನ್ ಈತನೇ.

ಪುಸ್ತಕದ ಜತೆಗೆ ಪತ್ರಿಕೆಗಳಲ್ಲಿ ಅಂಕಣವನ್ನೂ ಬರೆಯುತ್ತಿದ್ದ. ಯಾರಿಗೂ ಹೆದರುವ ಜಾಯಮಾನ ಅಲ್ಲ. ಹೇಳಿದ್ದನ್ನು ಮಾಡದ ಕಂಪನಿಗಳನ್ನು, ಸುಳ್ಳು ಭರವಸೆ ಕೊಡೋ ಜಾಹೀರಾತುಗಳನ್ನು ಹೆಸರಿಟ್ಟು ಟೀಕಿಸುತ್ತಿದ್ದ. ಇಷ್ಟೆಲ್ಲ ಟೀಕಿಸೋನು ತಾನೇ ಒಂದು ಕಂಪ್ಯೂಟರ್ ಮಾಡಿ ತೋರಿಸಲಿ ಅನ್ನೋ ಸವಾಲು ಸಹಜವಾಗಿಯೇ ಎದುರಾಗುತ್ತೆ. ಆಸ್ಬೋರ್ನ್ ಅದನ್ನೂ ಮಾಡಿ ತೋರಿಸಿದ.

ಹೊಲಿಗೆ ಯಂತ್ರದಂಥ ಕಂಪ್ಯೂಟರ್

ಪುಸ್ತಕ ಸಂಸ್ಥೆ ಮಾರಿ ಬಂದ ಹಣದಲ್ಲಿ ಒಂದು ಭಾಗವನ್ನು ಹೂಡಿ ಆಸ್ಬೋರ್ನ್ ಹೊಸ ಕಂಪನಿ ಶುರುಮಾಡಿದ. ವಿನ್ಯಾಸದ ಹೊಣೆ ಹೊತ್ತವನು ಲೀ ಫೆಲ್ಸೆನ್‌ಸ್ಟೈನ್, ಹೋಂಬ್ರೂ ಕ್ಲಬ್‌ನ ಸಭೆಗಳನ್ನು ನಡೆಸಿಕೊಡುತ್ತಿದ್ದ ಎಂಜಿನಿಯರ್. ಆಸ್ಬೋರ್ನ್ ಇಟ್ಟ ಷರತ್ತು ಸರಳ: ವಿಮಾನದ ಸೀಟಿನ ಕೆಳಗೆ ಹಿಡಿಸಬೇಕು, ಬೆಲೆ ಕಡಿಮೆ ಇರಬೇಕು, ಪೆಟ್ಟಿಗೆ ತೆರೆದ ಕೂಡಲೇ ಕೆಲಸ ಶುರುಮಾಡುವಂತಿರಬೇಕು.

1981ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವೆಸ್ಟ್ ಕೋಸ್ಟ್ ಕಂಪ್ಯೂಟರ್ ಮೇಳದಲ್ಲಿ ಆಸ್ಬೋರ್ನ್ 1 ಜನರ ಮುಂದೆ ಬಂತು. ಅದರ ವಿವರ ನೋಡಿ. 4 ಮೆಗಾಹರ್ಟ್ಸ್‌ನ ಝಡ್-80 ಪ್ರೊಸೆಸರ್. 64 ಕಿಲೋಬೈಟ್ ಮೆಮೊರಿ. ಎರಡು ಫ್ಲಾಪಿ ಡ್ರೈವ್, ಒಂದೊಂದರಲ್ಲೂ ಸುಮಾರು 90 ಕಿಲೋಬೈಟ್ ಜಾಗ. ಅವೆರಡರ ನಡುವೆ 5 ಇಂಚಿನ ಪರದೆ. ಮುಚ್ಚಳವೇ ಕೀಬೋರ್ಡ್. ಮುಚ್ಚಿ ಹಿಡಿಕೆ ಹಿಡಿದು ಎತ್ತಿದರೆ ನೋಡೋದಕ್ಕೆ ಥೇಟ್ ಹೊಲಿಗೆ ಯಂತ್ರದ ಪೆಟ್ಟಿಗೆ. ತೂಕ 24.5 ಪೌಂಡ್, ಅಂದರೆ 11 ಕಿಲೋ ಚಿಲ್ಲರೆ. ಬ್ಯಾಟರಿ ಇರಲಿಲ್ಲ, ಗೋಡೆಯ ಪ್ಲಗ್ ಬೇಕೇ ಬೇಕು. ನಮ್ಮ ಇವತ್ತಿನ ಲೆಕ್ಕದಲ್ಲಿ ಅದನ್ನು ಪೋರ್ಟಬಲ್ ಅಂದ್ರೆ ನಗು ಬರುತ್ತೆ. ಆದರೆ ಅವತ್ತು ಕಂಪ್ಯೂಟರ್ ಅಂದ್ರೆ ಮೇಜು ಬಿಟ್ಟು ಕದಲದ ವಸ್ತು. ಮಾನಿಟರ್, ಡ್ರೈವ್, ಕೀಬೋರ್ಡ್ ಎಲ್ಲ ಬೇರೆ ಬೇರೆಯಾಗಿದ್ದ ಕಾಲದಲ್ಲಿ, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಸೇರಿ ಮನುಷ್ಯನ ಜತೆ ಊರೂರು ಸುತ್ತಬಹುದು ಅನ್ನೋದೇ ಹೊಸ ಮಾತು.

ಬೆಲೆ 1,795 ಡಾಲರ್. ಅಸಲಿ ಜಾಣ್ಮೆ ಇದ್ದದ್ದು ಇಲ್ಲಿ. ಆ ಬೆಲೆಯಲ್ಲಿ ಯಂತ್ರದ ಜತೆಗೆ ಸಿಪಿ/ಎಂ ಆಪರೇಟಿಂಗ್ ಸಿಸ್ಟಂ, ಬರವಣಿಗೆಗೆ ವರ್ಡ್‌ಸ್ಟಾರ್, ಲೆಕ್ಕಕ್ಕೆ ಸೂಪರ್‌ಕ್ಯಾಲ್ಕ್, ಪ್ರೋಗ್ರಾಮಿಂಗ್‌ಗೆ ಎರಡು ಬಗೆಯ ಬೇಸಿಕ್ ಎಲ್ಲ ಸಿಗುತ್ತಿದ್ದವು. ಈ ಸಾಫ್ಟ್‌ವೇರ್‌ಗಳನ್ನು ಬಿಡಿಬಿಡಿಯಾಗಿ ಕೊಂಡಿದ್ದರೆ ಅವಕ್ಕೇ ಸುಮಾರು 1,500 ಡಾಲರ್ ಆಗುತ್ತಿತ್ತು. ಗಿರಾಕಿಗೆ ಕಂಪ್ಯೂಟರ್ ಪುಕ್ಕಟೆ ಸಿಕ್ಕ ಹಾಗನ್ನಿಸುತ್ತಿತ್ತು.

ಯಂತ್ರದೊಳಗೆ ಯಾವ ಮಹಾ ಆವಿಷ್ಕಾರವೂ ಇರಲಿಲ್ಲ ಅನ್ನೋದು ಆಸ್ಬೋರ್ನ್‌ಗೂ ಗೊತ್ತಿತ್ತು. ಪೇಟೆಯಲ್ಲಿ ಆಗಲೇ ಸಿಗುತ್ತಿದ್ದ, ಪರೀಕ್ಷೆಯಾದ ಭಾಗಗಳನ್ನೇ ಜೋಡಿಸಿದ್ದು. ಅತ್ಯುತ್ತಮವಾದದ್ದಕ್ಕೆ ಕಾಯಬೇಕಿಲ್ಲ, ಕೆಲಸಕ್ಕೆ ಸಾಕಾಗುವಷ್ಟು ಇದ್ದರೆ ಸಾಕು ಅನ್ನೋದು ಆತನ ನಂಬಿಕೆ. 1982ರಲ್ಲೇ ಗ್ರಿಡ್ ಕಂಪಾಸ್ ಅನ್ನೋ ಇನ್ನೊಂದು ಯಂತ್ರ ಬಂತು. ಬಿಲ್ ಮೊಗ್ರಿಜ್ ಅದರ ವಿನ್ಯಾಸಕಾರ. ಪುಸ್ತಕದಂತೆ ಮಡಚುವ ಮುಚ್ಚಳ, ಚಪ್ಪಟೆ ಪರದೆ, ಮೆಗ್ನೀಸಿಯಂ ಮೈ, ತೂಕ 5 ಕಿಲೋ ಆಸುಪಾಸು. ಇವತ್ತಿನ ಲ್ಯಾಪ್‌ಟಾಪ್‌ನ ರೂಪ ಅದರದ್ದೇ. ಆದರೆ ಬೆಲೆ 8,000 ಡಾಲರ್ ಮೇಲೆ. ಸರ್ಕಾರಿ ಇಲಾಖೆಗಳಿಗೂ ದೊಡ್ಡ ಕಂಪನಿಗಳಿಗೂ ಅದು ದಕ್ಕಿತು, ಸಾಮಾನ್ಯ ಮನುಷ್ಯನಿಗೆ ದಕ್ಕಿದ್ದು ಆಸ್ಬೋರ್ನ್.

ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ಆ 5 ಇಂಚಿನ ಪರದೆಯ ಒಂದು ಸಾಲಿನಲ್ಲಿ 52 ಅಕ್ಷರ ಮಾತ್ರ ಕಾಣುತ್ತಿತ್ತು. ಆ ಕಾಲದ ಸಾಮಾನ್ಯ ಸಾಲು 80 ಅಕ್ಷರದ್ದು. ಹಾಗಾಗಿ ಉಳಿದದ್ದನ್ನು ಓದೋಕೆ ಪರದೆಯನ್ನು ಪಕ್ಕಕ್ಕೆ ಸರಿಸುತ್ತಾ ಹೋಗಬೇಕಿತ್ತು. ಇವತ್ತಿಗೂ ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆದರೆ ಸಾಮಾನ್ಯವಾಗಿ ಬರೋದು 80 ಅಕ್ಷರದ 24 ಸಾಲು. ಅಂದರೆ ಚಿಕ್ಕದು ಬೇಕು ಅಂತ ಎಷ್ಟು ಚಿಕ್ಕದಕ್ಕೆ ಇಳಿಯಬಹುದು ಅನ್ನೋ ಗೆರೆ ಆಗಲೂ ಇತ್ತು, ಈಗಲೂ ಇದೆ.

ಇಷ್ಟಾದರೂ ಜನ ಮುಗಿಬಿದ್ದರು. ಪತ್ರಕರ್ತರು, ಲೆಕ್ಕಿಗರು, ಊರೂರು ತಿರುಗೋ ಮಾರಾಟಗಾರರು ಕೊಂಡರು. ಉಚ್ಛ್ರಾಯದ ದಿನಗಳಲ್ಲಿ ತಿಂಗಳಿಗೆ 10,000 ಯಂತ್ರಗಳು ಹೋಗುತ್ತಿದ್ದವು. ಅಷ್ಟು ಮಾರುತ್ತೆ ಅಂತ ಕಂಪನಿಯೇ ಅಂದಾಜು ಮಾಡಿರಲಿಲ್ಲ.

ಎರಡೇ ವರ್ಷ

ಗೆಲುವು ನೋಡಿದವರು ಸುಮ್ಮನಿರುತ್ತಾರಾ? 1982ರಲ್ಲಿ ಕೇಪ್ರೊ ಬಂತು. ಬೆಲೆ ಹೆಚ್ಚುಕಮ್ಮಿ ಅಷ್ಟೇ, ಪರದೆ ಮಾತ್ರ 9 ಇಂಚು, ಸಾಲಿಗೆ ಪೂರ್ತಿ 80 ಅಕ್ಷರ. ಆಸ್ಬೋರ್ನ್‌ನ ದೊಡ್ಡ ಕೊರತೆಯನ್ನೇ ಅದು ತನ್ನ ಬಂಡವಾಳ ಮಾಡಿಕೊಂಡಿತು. ಇದಕ್ಕಿಂತ ದೊಡ್ಡ ಬದಲಾವಣೆ ಬೇರೆ ಕಡೆಯಿಂದ ಬರುತ್ತಿತ್ತು. 1981ರ ಆಗಸ್ಟ್‌ನಲ್ಲಿ ಐಬಿಎಂ ಪಿಸಿ ಬಂದಿತ್ತು. ನೋಡನೋಡುತ್ತ ಸಾಫ್ಟ್‌ವೇರ್ ಬರೆಯುವವರೆಲ್ಲ ಸಿಪಿ/ಎಂ ಬಿಟ್ಟು ಆ ಕಡೆ ಹೊರಟರು. 1982ರ ಕೊನೆಗೆ ಕಾಂಪ್ಯಾಕ್ ಎಂಬ ಹೊಸ ಕಂಪನಿ, ಐಬಿಎಂ ಪಿಸಿಯ ಸಾಫ್ಟ್‌ವೇರ್ ಓಡಿಸಬಲ್ಲ ಪೋರ್ಟಬಲ್ ಒಂದನ್ನು ಘೋಷಿಸಿತು. ಅದರ ತೂಕ ಇನ್ನೂ ಜಾಸ್ತಿ, 12 ಕಿಲೋ ಮೇಲೆ. ಬೆಲೆಯೂ ಜಾಸ್ತಿ. ಆದರೂ ಗೆದ್ದಿತು. ಯಾಕೆಂದರೆ ಎಲ್ಲರ ಸಾಫ್ಟ್‌ವೇರ್ ಅದರಲ್ಲಿ ಓಡುತ್ತಿತ್ತು. ಯಂತ್ರದ ತೂಕಕ್ಕಿಂತ ಅದರ ಸುತ್ತ ಇರೋ ಜನರ ತೂಕ ದೊಡ್ಡದು.

1983ರ ಶುರುವಿನಲ್ಲಿ ಆಸ್ಬೋರ್ನ್ ಆಡಳಿತದ ಜವಾಬ್ದಾರಿಯನ್ನು ಹೊರಗಿನಿಂದ ಬಂದ ಅನುಭವಿಯೊಬ್ಬರಿಗೆ ವಹಿಸಿದ. ಕಂಪನಿ ಷೇರು ಪೇಟೆಗೆ ಹೋಗೋ ತಯಾರಿಯಲ್ಲಿತ್ತು. ಅದೇ ಹೊತ್ತಿಗೆ ಹೊಸ ಮಾದರಿ ‘ಎಕ್ಸಿಕ್ಯೂಟಿವ್’ ಬಗ್ಗೆ ಮಾತು ಹೊರಬಿತ್ತು: 7 ಇಂಚಿನ ಪರದೆ, 80 ಅಕ್ಷರದ ಸಾಲು, 128 ಕಿಲೋಬೈಟ್ ಮೆಮೊರಿ, ಬೆಲೆ 2,495 ಡಾಲರ್. ಪ್ರಚಲಿತ ಕಥೆ ಹೀಗಿದೆ: ಹೊಸದು ಬರುತ್ತಂತೆ ಅಂತ ಕೇಳಿದ ಅಂಗಡಿಯವರು ಹಳೆಯ ಮಾದರಿಯ ಆರ್ಡರ್‌ಗಳನ್ನು ನಿಲ್ಲಿಸಿಬಿಟ್ಟರು. ಹೊಸದು ಇನ್ನೂ ಸಾಕಷ್ಟು ಕೈಗೆ ಬಂದಿಲ್ಲ, ಹಳೆಯದು ಹೋಗ್ತಿಲ್ಲ. ಗೋದಾಮು ತುಂಬಿತು, ಗಲ್ಲಾಪೆಟ್ಟಿಗೆ ಬರಿದಾಯ್ತು. 1983ರ ಸೆಪ್ಟೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಮೇಳದಲ್ಲಿ ಜನ ಮುತ್ತಿಕೊಂಡು ಎರಡೂವರೆ ವರ್ಷವೂ ಆಗಿರಲಿಲ್ಲ.

ಮುಂದಿನ ಮಾದರಿಯನ್ನು ಮೊದಲೇ ಘೋಷಿಸಿ ಇವತ್ತಿನ ಮಾರಾಟವನ್ನು ತಾನೇ ಕೊಂದುಕೊಳ್ಳೋದಕ್ಕೆ ಉದ್ಯಮದಲ್ಲಿ ‘ಆಸ್ಬೋರ್ನ್ ಇಫೆಕ್ಟ್’ ಅಂತಲೇ ಹೆಸರು ಬಿತ್ತು. ಎಂಬಿಎ ತರಗತಿಗಳಲ್ಲಿ ಇವತ್ತಿಗೂ ಹೇಳಿಕೊಡ್ತಾರೆ. ಆದರೆ ಬಿದ್ದದ್ದು ಅದೊಂದರಿಂದಲೇ ಅನ್ನೋದು ಪೂರ್ತಿ ಸರಿಯಲ್ಲ. ಕೇಪ್ರೊ, ಕಾಂಪ್ಯಾಕ್‌ಗಳ ಪೈಪೋಟಿ, ಐಬಿಎಂ ಕಡೆಗೆ ವಾಲಿದ ಪೇಟೆ, ಮಿತಿಮೀರಿದ ವೇಗದಲ್ಲಿ ಬೆಳೆದ ಕಂಪನಿಯ ಲೆಕ್ಕಪತ್ರದ ಗೊಂದಲ, ಹಳೆಯ ಮಾದರಿಯ ದಾಸ್ತಾನಿಗೆ ಸುರಿದ ಹಣ, ಎಲ್ಲವೂ ಸೇರಿದ್ದವು. ಒಂದು ವಾಕ್ಯದಲ್ಲಿ ಹೇಳೋಕಾಗದ ಸೋಲನ್ನು ಒಬ್ಬ ಮನುಷ್ಯನ ಹೆಸರಿಗೆ ಅಂಟಿಸಿಬಿಟ್ಟರು. ಆಸ್ಬೋರ್ನ್ ಸ್ವತಃ 1984ರಲ್ಲಿ ಜಾನ್ ಡ್ವೊರಾಕ್ ಜತೆ ಸೇರಿ ಈ ಏಳುಬೀಳಿನ ಬಗ್ಗೆ ಪುಸ್ತಕವನ್ನೇ ಬರೆದ.

ಪುಸ್ತಕದ ಬೆಲೆಗೆ ಸಾಫ್ಟ್‌ವೇರ್

ಹೆಚ್ಚಿನವರು ಆಸ್ಬೋರ್ನ್ ಕಥೆಯನ್ನು ದಿವಾಳಿಗೇ ನಿಲ್ಲಿಸ್ತಾರೆ. ಲಿನಕ್ಸ್ ಬಳಸೋ ನಮಗೆ ಮುಖ್ಯವಾದದ್ದು ಅದರ ಮುಂದಿನ ಅಧ್ಯಾಯ.

1984ರಲ್ಲಿ ಆತ ಪೇಪರ್‌ಬ್ಯಾಕ್ ಸಾಫ್ಟ್‌ವೇರ್ ಎಂಬ ಕಂಪನಿ ಶುರುಮಾಡಿದ. ಹೆಸರಲ್ಲೇ ಉದ್ದೇಶ ಇದೆ. ಗಟ್ಟಿ ರಟ್ಟಿನ ದುಬಾರಿ ಪುಸ್ತಕದ ಪಕ್ಕದಲ್ಲಿ ಕಡಿಮೆ ಬೆಲೆಯ ಪೇಪರ್‌ಬ್ಯಾಕ್ ಇರೋ ಹಾಗೆ, ದುಬಾರಿ ಸಾಫ್ಟ್‌ವೇರ್ ಪಕ್ಕದಲ್ಲಿ ಅಗ್ಗದ್ದು ಇರಬೇಕು, ಅದು ಪುಸ್ತಕದಂಗಡಿಯಲ್ಲೂ ಸಿಗಬೇಕು. ಆಗ ಸ್ಪ್ರೆಡ್‌ಶೀಟ್ ಅಂದರೆ ಲೋಟಸ್ 1-2-3, ಬೆಲೆ 495 ಡಾಲರ್. ಪೇಪರ್‌ಬ್ಯಾಕ್ ಕಂಪನಿಯ ವಿಪಿ-ಪ್ಲ್ಯಾನರ್ ಬೆಲೆ 100 ಡಾಲರ್ ಒಳಗೆ. ಲೋಟಸ್ ಗೊತ್ತಿದ್ದವರು ಹೊಸದಾಗಿ ಏನನ್ನೂ ಕಲಿಯಬೇಕಿರಲಿಲ್ಲ. ಮೆನು, ಕಮಾಂಡ್‌ಗಳ ಜೋಡಣೆ ಎಲ್ಲ ಲೋಟಸ್‌ನಂತೆಯೇ. ಒಳಗಿನ ಕೋಡ್ ಮಾತ್ರ ಬೇರೆ.

1987ರಲ್ಲಿ ಲೋಟಸ್ ಮೊಕದ್ದಮೆ ಹೂಡಿತು. ವಾದ ಕೋಡ್ ಕದ್ದಿದ್ದಾರೆ ಅಂತಲ್ಲ, ನೋಟ ಮತ್ತು ಬಳಕೆಯ ರೀತಿಯನ್ನು ಕದ್ದಿದ್ದಾರೆ ಅಂತ. ಪ್ರಶ್ನೆ ಎಷ್ಟು ದೊಡ್ಡದು ಅಂತ ಯೋಚಿಸಿ. ಒಂದು ಮೆನುವಿನ ಪದಗಳು ಯಾವ ಕ್ರಮದಲ್ಲಿ ಬರ್ತವೆ ಅನ್ನೋದು ಒಬ್ಬರ ಆಸ್ತಿಯಾ? ಕಾರಿನ ಬ್ರೇಕ್ ಎಡಕ್ಕೆ, ಆಕ್ಸಿಲರೇಟರ್ ಬಲಕ್ಕೆ ಅನ್ನೋದು ಒಂದೇ ಕಂಪನಿಯ ಹಕ್ಕಾಗಿದ್ದಿದ್ದರೆ, ಪ್ರತಿ ಕಾರಿಗೂ ಹೊಸದಾಗಿ ಡ್ರೈವಿಂಗ್ ಕಲಿಯಬೇಕಿತ್ತು.

ಮೊಕದ್ದಮೆ ಮೂರು ವರ್ಷ ನಡೆಯಿತು. ಕೋರ್ಟಿನಲ್ಲಿರೋ ಸಾಫ್ಟ್‌ವೇರ್ ಕೊಳ್ಳೋಕೆ ಗಿರಾಕಿಗಳು ಹಿಂಜರಿದರು, ಕಂಪನಿ ಸೊರಗಿತು. 1990ರ ಜೂನ್‌ನಲ್ಲಿ ನ್ಯಾಯಾಧೀಶ ರಾಬರ್ಟ್ ಕೀಟನ್ ಲೋಟಸ್ ಪರ ತೀರ್ಪು ಕೊಟ್ಟರು. ಮೆನು ಕಮಾಂಡ್‌ಗಳ ರಚನೆಗೂ ಹಕ್ಕುಸ್ವಾಮ್ಯ ಇದೆ ಅಂತ ತೀರ್ಪು ಹೇಳಿತು. ಆಸ್ಬೋರ್ನ್ ಕಂಪನಿಯಿಂದ ಹೊರಬಂದ. ಎರಡನೇ ಸಲವೂ ಕಟ್ಟಿದ್ದು ಕೈಬಿಟ್ಟಿತ್ತು.

ಈ ಮೊಕದ್ದಮೆಗಳನ್ನು ಎದುರಿಸೋಕೆ ಅಂತಲೇ 1989ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಮತ್ತು ಸಂಗಡಿಗರು ಒಂದು ಸಂಘಟನೆ ಕಟ್ಟಿದರು, ಲೋಟಸ್ ಕಚೇರಿ ಮುಂದೆ ಪ್ರತಿಭಟನೆ ಮಾಡಿದರು. ಸ್ಟಾಲ್‌ಮನ್ ಅಂದರೆ ಗ್ನೂ ಯೋಜನೆ ಶುರುಮಾಡಿದವರು. ಅವರಿಗೆ ಇದು ಯಾಕೆ ಜೀವನ್ಮರಣದ ಪ್ರಶ್ನೆ ಅಂದರೆ, ಗ್ನೂ ಮಾಡುತ್ತಿದ್ದದ್ದೂ ಯುನಿಕ್ಸ್‌ನ ಥರವೇ ನಡೆದುಕೊಳ್ಳೋ, ಆದರೆ ಹೊಸದಾಗಿ ಬರೆದ ಕಮಾಂಡ್‌ಗಳನ್ನು. ಹೊರಗಿನ ರೀತಿ ಒಂದೇ, ಒಳಗಿನ ಕೋಡ್ ಬೇರೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದ ಕರ್ನಲ್ ಕೂಡ ಇದೇ ಜಾತಿಯದ್ದು.

ಲೋಟಸ್ ಅಷ್ಟಕ್ಕೇ ನಿಲ್ಲಲಿಲ್ಲ. ಪೇಪರ್‌ಬ್ಯಾಕ್ ತೀರ್ಪು ಬಂದ ಕೆಲವೇ ದಿನಗಳಲ್ಲಿ ಬೋರ್ಲ್ಯಾಂಡ್ ಕಂಪನಿ ಮೇಲೆ ಅದೇ ಬಗೆಯ ಮೊಕದ್ದಮೆ ಹಾಕಿತು. ಬೋರ್ಲ್ಯಾಂಡ್‌ಗೆ ಹೋರಾಡೋ ಶಕ್ತಿ ಇತ್ತು. 1995ರಲ್ಲಿ ಮೇಲ್ಮನವಿ ನ್ಯಾಯಾಲಯ ಗಾಳಿಯ ದಿಕ್ಕನ್ನೇ ಬದಲಿಸಿತು: ಮೆನು ಕಮಾಂಡ್‌ಗಳು ಯಂತ್ರವನ್ನು ನಡೆಸೋ ಒಂದು ವಿಧಾನ, ಅದಕ್ಕೆ ಹಕ್ಕುಸ್ವಾಮ್ಯ ಇಲ್ಲ. 1996ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ ನ್ಯಾಯಮೂರ್ತಿಗಳು ನಾಲ್ಕು-ನಾಲ್ಕು ಅಂತ ಸಮನಾಗಿ ಒಡೆದದ್ದರಿಂದ ಆ ತೀರ್ಪೇ ಉಳಿಯಿತು. ಆಸ್ಬೋರ್ನ್ ಕಡೆಯವರು ಸೋತ ವಾದವೇ ಐದು ವರ್ಷದ ನಂತರ ಬೇರೆಯವರ ಬಾಯಲ್ಲಿ ಗೆದ್ದಿತು. ಅಷ್ಟರಲ್ಲಿ ಆತನ ಕಂಪನಿ ಇರಲಿಲ್ಲ. ನಾವು ಲಿಬ್ರೆಆಫೀಸ್ ತೆರೆದು, ಬೇರೆ ಸ್ಪ್ರೆಡ್‌ಶೀಟ್‌ನಲ್ಲಿ ಕಲಿತ ಸೂತ್ರವನ್ನೇ ಟೈಪ್ ಮಾಡಿ ಕೆಲಸ ಮುಗಿಸ್ತೀವಲ್ಲ, ಆ ಸಲೀಸಿನ ಹಿಂದೆ ಇಂಥ ಜಗಳಗಳಿವೆ.

ಮತ್ತೆ ಕೊಡೈಕನಾಲ್

ಅಷ್ಟೊತ್ತಿಗೆ ಆಸ್ಬೋರ್ನ್ ಆರೋಗ್ಯ ಕೈಕೊಡತೊಡಗಿತ್ತು. ಮೆದುಳಿನ ಕಾಯಿಲೆಯಿಂದ ಮೇಲಿಂದ ಮೇಲೆ ಸಣ್ಣ ಸಣ್ಣ ಪಾರ್ಶ್ವವಾಯು ಆಗುತ್ತಿತ್ತು. 1992ರಲ್ಲಿ ಆತ ಭಾರತಕ್ಕೆ ಮರಳಿದ. ಕೊಡೈಕನಾಲ್‌ನಲ್ಲಿದ್ದ ಸೋದರಿಯ ಆರೈಕೆಯಲ್ಲಿ ಕೊನೆಯ ವರ್ಷಗಳು ಕಳೆದವು. ಅಕ್ಷರ ಕಲಿತ ಬೆಟ್ಟದ ಊರಿಗೇ ಬಂದು ಸೇರಿದ್ದ. 2003ರ ಮಾರ್ಚ್ 18ರಂದು, ನಿದ್ದೆಯಲ್ಲೇ ತೀರಿಕೊಂಡ. ವಯಸ್ಸು 64.

ಅಷ್ಟರಲ್ಲಿ ಜಗತ್ತಿನ ಲ್ಯಾಪ್‌ಟಾಪ್‌ಗಳು ಎರಡು ಮೂರು ಕಿಲೋಗೆ ಇಳಿದಿದ್ದವು. ಆತ ತೀರಿಕೊಂಡ ನಾಲ್ಕು ವರ್ಷಕ್ಕೆ, 2007ರಲ್ಲಿ, ಏಸಸ್ ಕಂಪನಿಯ ಈಈ ಪಿಸಿ ಬಂತು: 7 ಇಂಚಿನ ಪರದೆ, ಒಂದು ಕಿಲೋಗಿಂತ ಕಡಿಮೆ ತೂಕ, ಕಡಿಮೆ ಬೆಲೆ, ಬೇಕಾದ ಸಾಫ್ಟ್‌ವೇರ್ ಎಲ್ಲ ಮೊದಲೇ ತುಂಬಿಕೊಂಡ ಲಿನಕ್ಸ್. ಸಾಕಾಗುವಷ್ಟು ಇದ್ದರೆ ಸಾಕು ಅನ್ನೋ ಅದೇ ಲೆಕ್ಕಾಚಾರ. ಅದೂ ಬಿಸಿ ದೋಸೆ ಥರ ಖರ್ಚಾಯ್ತು.

ಆಸ್ಬೋರ್ನ್ ಲೆಕ್ಕದಲ್ಲಿ ನಮ್ಮ ಲ್ಯಾಪ್‌ಟಾಪ್

ಈಗ ನಮ್ಮ ಕಾರಿಡಾರ್ ಚರ್ಚೆಗೆ ಬರೋಣ. ಈ ಬದುಕನ್ನು ಎದುರಿಗಿಟ್ಟುಕೊಂಡು ನೋಡಿದರೆ ಕೆಲವು ಉತ್ತರ ತಾವಾಗಿಯೇ ಸಿಗ್ತವೆ.

ಮೊದಲನೆಯದು, ಹೊಸ ಮಾದರಿಗೆ ಕಾಯೋ ರೋಗ. ಆಸ್ಬೋರ್ನ್ ಇಫೆಕ್ಟ್ ಗಿರಾಕಿಗೂ ತಗಲುತ್ತೆ. ಮುಂದಿನ ಪ್ರೊಸೆಸರ್ ಬರಲಿ ಅಂತ ಕಾಯ್ತಾ ಕಾಯ್ತಾ ಸೆಮಿಸ್ಟರ್ ಮುಗಿದಿರುತ್ತೆ. ಲಿನಕ್ಸ್ ವಿಷಯದಲ್ಲಂತೂ ಲೆಕ್ಕ ಉಲ್ಟಾ. ನಿನ್ನೆ ಬಿಡುಗಡೆಯಾದ ಯಂತ್ರದ ವೈಫೈ, ಸೌಂಡ್, ಕ್ಯಾಮೆರಾಗಳಿಗೆ ಬೇಕಾದ ಡ್ರೈವರ್ ಕರ್ನಲ್‌ಗೆ ಬಂದು, ಅದು ನಿಮ್ಮ ಡಿಸ್ಟ್ರೊ ತಲುಪೋಕೆ ತಿಂಗಳುಗಳೇ ಬೇಕಾಗಬಹುದು. ಒಂದೆರಡು ವರ್ಷ ಹಳೆಯ ಮಾದರಿಯಲ್ಲಿ ಆ ತಲೆನೋವು ಆಗಲೇ ಯಾರೋ ಅನುಭವಿಸಿ ಪರಿಹರಿಸಿರ್ತಾರೆ. ದುಡ್ಡೂ ಉಳಿಯುತ್ತೆ.

ಎರಡನೆಯದು, ಕಾಂಪ್ಯಾಕ್ ಕಲಿಸಿದ ಪಾಠ. ಹೆಚ್ಚು ಜನ ಲಿನಕ್ಸ್ ಹಾಕಿಕೊಂಡಿರೋ ಮಾದರಿಯನ್ನೇ ಆರಿಸಿ. ಥಿಂಕ್‌ಪ್ಯಾಡ್ ಸಾಲಿನ ಚಿಕ್ಕ ಯಂತ್ರಗಳು ಸೆಕೆಂಡ್ ಹ್ಯಾಂಡ್‌ನಲ್ಲೂ ಸಿಗ್ತವೆ, ಅವಕ್ಕೆ ಲಿನಕ್ಸ್ ಬಳಗದಲ್ಲಿ ಒಳ್ಳೆ ಹೆಸರಿದೆ. ಡೆಲ್ 2012ರಿಂದಲೇ ಎಕ್ಸ್‌ಪಿಎಸ್ 13ರಲ್ಲಿ ಉಬುಂಟು ಹಾಕಿದ ಆವೃತ್ತಿಯನ್ನು ಮಾರಿದೆ. ವಿಂಡೋಸ್ ಇಲ್ಲದ ಮಾದರಿ ಸಿಕ್ಕರೆ ಆ ಲೈಸೆನ್ಸ್ ದುಡ್ಡು ಉಳೀತು. ವೈಫೈ ಚಿಪ್ ಯಾವುದು ಅಂತ ಕೇಳಿ ತಿಳ್ಕೊಳ್ಳಿ. ಇಂಟೆಲ್ ಚಿಪ್‌ಗಳಿಗೆ ಡ್ರೈವರ್ ಕರ್ನಲ್‌ನಲ್ಲೇ ಇರುತ್ತೆ. ಕೆಲವು ಬೇರೆ ಚಿಪ್‌ಗಳಿಗೆ ಹೊರಗಿನ ಡ್ರೈವರ್ ತಂದು, ಪ್ರತಿ ಕರ್ನಲ್ ಅಪ್‌ಡೇಟ್ ಆದಾಗಲೂ ಮತ್ತೆ ಕಂಪೈಲ್ ಮಾಡಬೇಕಾಗುತ್ತೆ. ಇಂಟರ್ನಲ್ಸ್ ಹಿಂದಿನ ರಾತ್ರಿ ಅದು ಬೇಕಾ ನಿಮಗೆ?

ಮೂರನೆಯದು, 52 ಅಕ್ಷರದ ಪರದೆ. ತೂಕ ಇಳಿಸೋ ಆಸೆಯಲ್ಲಿ ಕಣ್ಣನ್ನೂ ಬೆರಳನ್ನೂ ಮರೀಬೇಡಿ. 13ರಿಂದ 14 ಇಂಚಿನ, 1ರಿಂದ 1.4 ಕಿಲೋ ಒಳಗಿನ ಯಂತ್ರದಲ್ಲಿ ಎಡಕ್ಕೆ ಎಡಿಟರ್, ಬಲಕ್ಕೆ ಟರ್ಮಿನಲ್ ಇಟ್ಟುಕೊಂಡು ಆರಾಮಾಗಿ ಕೆಲಸ ಮಾಡಬಹುದು. 1920 ಪಿಕ್ಸೆಲ್ ಅಗಲ ಸಾಕು. ಚಿಕ್ಕ ಪರದೆಯಲ್ಲಿ 4ಕೆ ಇದ್ದರೆ ಅಕ್ಷರ ಹಿಗ್ಗಿಸೋ ಕಾಟ, ಬ್ಯಾಟರಿಗೂ ಹೊರೆ. ಕೀಬೋರ್ಡ್ ಮೇಲೆ ಒಂದು ಪ್ಯಾರಾ ಟೈಪ್ ಮಾಡಿ ನೋಡದೆ ಕೊಳ್ಳಬೇಡಿ. ಚಾರ್ಜರ್‌ನ ತೂಕವನ್ನೂ ಸೇರಿಸಿ ಲೆಕ್ಕ ಹಾಕಿ. ಯುಎಸ್‌ಬಿ-ಸಿಯಲ್ಲಿ ಚಾರ್ಜ್ ಆಗೋದಾದ್ರೆ ಬ್ಯಾಗು ಇನ್ನೂ ಹಗುರ.

ನಾಲ್ಕನೆಯದು, ಸಾಕಾಗುವಷ್ಟು ಅಂದ್ರೆ ಎಷ್ಟು ಅನ್ನೋದು. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಆಗಿರೋದು ಸಾಮಾನ್ಯ, ಆಮೇಲೆ ಏರಿಸೋಕಾಗಲ್ಲ. ಹಾಗಿದ್ದಾಗ ಕೊಳ್ಳುವಾಗಲೇ 16 ಜಿಬಿ ತಗೊಳ್ಳೋದು ಕ್ಷೇಮ. ಎನ್‌ವಿಡಿಯಾ ಕಾರ್ಡ್ ನಿಮ್ಮ ಕೋರ್ಸಿಗೆ ನಿಜವಾಗ್ಲೂ ಬೇಕಾ ಕೇಳ್ಕೊಳ್ಳಿ. ಬೇಕಾದಾಗ ಲ್ಯಾಬ್ ಮಷಿನ್‌ಗೆ ರಿಮೋಟ್ ಆಗಿ ಲಾಗಿನ್ ಆಗೋದು ಇದ್ದೇ ಇದೆ. ಮೆಕ್ಯಾನಿಕಲ್ ಗೆಳೆಯರಿಗೊಂದು ಮಾತು: ಸಾಲಿಡ್‌ವರ್ಕ್ಸ್ ಓಡೋದು ವಿಂಡೋಸ್‌ನಲ್ಲಿ ಮಾತ್ರ. ಹಾಗಾಗಿ ಎರಡನ್ನೂ ಇಟ್ಟುಕೊಳ್ಳೋ ಹಾಗೆ ಎಸ್‌ಎಸ್‌ಡಿ ಸ್ವಲ್ಪ ದೊಡ್ಡದೇ ಇರಲಿ. ಮ್ಯಾಟ್‌ಲ್ಯಾಬ್, ವಿವಾಡೊ ಥರದವು ಲಿನಕ್ಸ್‌ನಲ್ಲೇ ಓಡ್ತವೆ.

ಕೊನೆಯದು, ಆಸ್ಬೋರ್ನ್ ಗಿರಾಕಿಗಳಿಗೆ ಕೊಟ್ಟ ಭರವಸೆ: ಪೆಟ್ಟಿಗೆ ತೆರೆದ ಕೂಡಲೇ ಕೆಲಸ. ಅದನ್ನು ಇವತ್ತು ನಾವೇ ಪರೀಕ್ಷೆ ಮಾಡ್ಕೊಳ್ಳಬಹುದು, ಅದೂ ದುಡ್ಡು ಕೊಡೋ ಮುಂಚೆ. ಒಂದು ಪೆನ್‌ಡ್ರೈವ್‌ಗೆ ಲೈವ್ ಲಿನಕ್ಸ್ ಹಾಕ್ಕೊಂಡು ಹೋಗಿ. ಸೀನಿಯರ್ ಮಾರ್ತಿರೋ ಹಳೆಯದಾದ್ರೂ ಸರಿ, ಒಪ್ಪೋ ಅಂಗಡಿಯಾದ್ರೂ ಸರಿ, ಅದರಿಂದ ಬೂಟ್ ಮಾಡಿ. ಡಿಸ್ಕ್‌ನಲ್ಲಿ ಏನನ್ನೂ ಮುಟ್ಟಬೇಕಾಗಿಲ್ಲ. ವೈಫೈ ಹಿಡಿಯುತ್ತಾ, ಸ್ಪೀಕರ್ ಮಾತಾಡುತ್ತಾ, ಕ್ಯಾಮೆರಾ ಕಾಣುತ್ತಾ, ಬ್ರೈಟ್‌ನೆಸ್ ಕೀ ಕೆಲಸ ಮಾಡುತ್ತಾ ನೋಡಿ. ಆಮೇಲೆ ಮುಚ್ಚಳ ಮುಚ್ಚಿ, ಎರಡು ನಿಮಿಷ ಬಿಟ್ಟು ತೆರೀರಿ. ನಿದ್ದೆಯಿಂದ ಸರಿಯಾಗಿ ಎದ್ದರೆ ಅರ್ಧ ಗೆದ್ದ ಹಾಗೆ. ಹಳೆಯ ಯಂತ್ರವಾದರೆ ಬ್ಯಾಟರಿ ಮೂಲ ಸಾಮರ್ಥ್ಯದಲ್ಲಿ ಎಷ್ಟು ಉಳಿಸಿಕೊಂಡಿದೆ ಅನ್ನೋದನ್ನೂ ಅಲ್ಲೇ ಪವರ್ ಸೆಟ್ಟಿಂಗ್ಸ್ ಅಥವಾ ಟರ್ಮಿನಲ್‌ನಲ್ಲಿ ನೋಡಬಹುದು. ಹದಿನೈದು ನಿಮಿಷದ ಕೆಲಸ. ಪೆನ್‌ಡ್ರೈವ್ ಇಲ್ಲದಿದ್ರೆ ಪಕ್ಕದ ರೂಮಿನವರನ್ನು ಕೇಳಿ, ಹಾಸ್ಟೆಲ್‌ನಲ್ಲಿ ಯಾರ ಹತ್ರಾದ್ರೂ ಇದ್ದೇ ಇರುತ್ತೆ.